ಕಾಣುವ ರಫು

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ರಫು ಅಕ್ಕ. ಹರಿದ ಬಟ್ಟೆಯ ಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಒಂದೊಂದಾಗಿ ನೇಯ್ದು ಮುಚ್ಚುವ ಕೆಲಸ ಅವಳದು. ಕೊಟ್ಟವರೇ ವಾಪಸ್ ಬಂದು, "ಅಕ್ಕಾ, ತೂತು ಎಲ್ಲಿತ್ತು?" ಎಂದು ಕೇಳಬೇಕು, ಹಾಗೆ. "ಕಂಡ್ರೆ ಅದು ರಫು ಅಲ್ಲ ಕಣೇ, ತೇಪೆ" ಎಂದು ನನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಗುಂಡಿಗೆ ಕಾಜಾ ಹೊಲಿದುಕೊಂಡು ಕೂತವಳು. ಅವಳ ಬಾಯಿಂದ ಒಂದು ದಿನವೂ ನನಗೆ ಶಭಾಸ್‌ಗಿರಿ ಬಂದದ್ದಿಲ್ಲ.

ಎದುರಂಗಡಿ ವಾಚ್ ರಿಪೇರಿಯವನದು. ದೊಡ್ಡಮ್ಮ ಅವನನ್ನು ಅಣ್ಣ ಎನ್ನುತ್ತಿದ್ದಳು, ಬರೀ ಬಾಯಿಮಾತಿಗಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಅಂಗಡಿ ಮುಚ್ಚಲು ಹೊರಟವಳನ್ನು ತಡೆದು ಕೂರಿಸಿದ್ದೇ ಅವನು. ಇಪ್ಪತ್ತು ವರ್ಷ ವಾಚುಗಳ ಮೇಲೆ ಬಗ್ಗಿ ಕೂತು ಅವನ ಎಡ ಭುಜ ಇಳಿದುಹೋಗಿತ್ತು. ಅದು ಕಾಣದಿರಲಿ ಎಂದು ದೊಡ್ಡಮ್ಮ ಅವನ ಎರಡು ಜೇಬಿನ ಅಂಗಿಗಳಲ್ಲಿ ಎಡ ಜೇಬನ್ನು ಒಂದು ಬೆರಳು ಮೇಲೆ ಇಟ್ಟು ಹೊಲಿಯುತ್ತಿದ್ದಳು. ಹಾಕಿಕೊಂಡರೆ ಎರಡೂ ಸಮ. ಕೈ ಎತ್ತಿದರೆ ಮಾತ್ರ ಎಡ ಜೇಬು ಮೇಲಕ್ಕೆ ಹೋಗಿ ನಿಲ್ಲುತ್ತಿತ್ತು.

"ಅಣ್ಣಾ, ಕೈ ಎತ್ಬೇಡ, ನನ್ನ ಗುಟ್ಟು ಬಯಲಾಗುತ್ತೆ" ಎಂದು ಅವಳು ರೇಗಿಸುತ್ತಿದ್ದಳು.

ಊರಲ್ಲಿ ಎರಡು ಕೋಮಿನ ಗಲಾಟೆ ಹೊತ್ತಿಕೊಂಡಾಗ ನಮ್ಮವರು ಒಬ್ಬೊಬ್ಬರಾಗಿ ಅಂಗಡಿ ಖಾಲಿ ಮಾಡತೊಡಗಿದರು. ನಾವೂ ಬೋರ್ಡು ಇಳಿಸಿ, ಹೊಲಿಗೆ ಯಂತ್ರ ಸಾಗಿಸಲು ಗಾಡಿ ಕರೆಸಿದ್ದೆವು. ವಾಚಿನವನು ಬಂದು ಗಾಡಿಯನ್ನು ವಾಪಸ್ ಕಳಿಸಿದ. ಅವನು ಆ ಕಡೆಯವನು, ಅವನ ಮಾತು ನಡೆಯುತ್ತದೆ ಎಂದು ನಾವು ನಂಬಿದೆವು.

"ನಾನಿಲ್ವಾ ತಂಗಿ? ನನ್ನ ದಾಟಿ ನಿನ್ನ ಅಂಗಡಿಗೆ ಯಾವನು ಕೈ ಹಾಕ್ತಾನೋ ನೋಡೇಬಿಡೋಣ" ಎಂದ. ನಾನಂತೂ ಕಣ್ಣೊರೆಸಿಕೊಂಡೆ, ದಡ್ಡಿ.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಗುಂಪು ಬಂತು. ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿದ್ದರು. ನಾವಿಬ್ಬರೂ ಎದುರು ಸಾಲಿನ ಪುಸ್ತಕ ಬೈಂಡಿಂಗ್ ಅಂಗಡಿಯ ಮಹಡಿಯಲ್ಲಿ ಅಡಗಿ, ಕಿಟಕಿಯ ಸಂದಿಗೆ ಕಣ್ಣಿಟ್ಟು ಕೂತಿದ್ದೆವು. ಹೆದರಿ ಎಲ್ಲರೂ ಬೋರ್ಡು ಇಳಿಸಿದ್ದ ಬೀದಿಯಲ್ಲಿ ಶಟರುಗಳೆಲ್ಲ ಒಂದೇ ತರ. ಯಾವುದು ಯಾರದೆಂದು ತಿಳಿಯದೆ ಗುಂಪು ತಡವರಿಸಿತು. ಆಗ ಒಬ್ಬ ಎಡಗೈ ಎತ್ತಿ ನಮ್ಮ ಶಟರನ್ನು ತೋರಿಸಿದ.

"ಜೇಬು" ಎಂದಳು ದೊಡ್ಡಮ್ಮ. ಅಷ್ಟೇ. ಹೆದರಿಕೆಗೆ ತಲೆ ಕೆಟ್ಟಿತೇನೋ ಅಂದುಕೊಂಡೆ. ಅಷ್ಟರಲ್ಲಿ ಹೊಗೆ ಎದ್ದಿತ್ತು.

ತಿಂಗಳೆರಡಾದ ಮೇಲೆ ಹಳೆಯದೊಂದು ಯಂತ್ರ ತಂದು ಮತ್ತೆ ಕೂತೆವು. ದೊಡ್ಡಮ್ಮ ಶಟರನ್ನು ಅರ್ಧ ಮಾತ್ರ ಎತ್ತುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಜೋರಾಗಿ ನಕ್ಕರೂ ಸೂಜಿ ಕೈಜಾರುತ್ತಿತ್ತು. ಅವಳ ರಫು ಕಾಣತೊಡಗಿತ್ತು. ಬೀದಿಯವರೆಲ್ಲ ಹೊರಗಿನವರು ಬಂದು ಮಾಡಿದ್ದೆಂದರು. ವಾಚಿನವನೂ ಹಾಗೇ ಹೇಳಿದ, ಆ ದಿನ ತಾನು ಊರಲ್ಲೇ ಇರಲಿಲ್ಲವೆಂದ. "ಹೂಂ ಅಣ್ಣ" ಎಂದಳು ದೊಡ್ಡಮ್ಮ.

ಅವಳು "ಜೇಬು" ಎಂದದ್ದು ಯಾಕೆಂದು ಅಷ್ಟರಲ್ಲಿ ನನಗೂ ಹೊಳೆದಿತ್ತು, ಮೈಯೆಲ್ಲ ಉರಿಯಿತು. ಅವನು ಹೋದ ಮೇಲೆ ಕೇಳಿದರೆ, "ನಾನೇ ತಪ್ಪಾಗಿ ನೋಡಿರ್ಬೇಕು ಕಣೇ" ಎಂದಳು. ತನ್ನ ಕಣ್ಣು ಸುಳ್ಳಾಗಲಿ, ಅಣ್ಣ ಉಳಿಯಲಿ ಎನ್ನುವ ಆಸೆ ಅವಳಿಗೆ.

ಆಮೇಲೊಂದು ದಿನ ವಾಚಿನವನ ಹೆಂಡತಿ ಎರಡು ಜೇಬಿನದೇ ಒಂದು ಅಂಗಿ ತಂದಳು. ಪಾಪ, ಆಕೆಗೇನೂ ಗೊತ್ತಿರಲಿಲ್ಲ.

"ಇವ್ರ ಟ್ರಂಕಿನ ತಳದಲ್ಲಿ ಸಿಕ್ತು. ತೋಳು ಸುಟ್ಟಿದೆ, ಇಸ್ತ್ರಿ ಮಾಡೋನ ಕೆಲಸ ಇರ್ಬೇಕು. ನಿಮ್ಮ ಕೈಗೆ ಕೊಟ್ರೆ ಗೊತ್ತೇ ಆಗಲ್ಲ ಬಿಡಿ."

ಆಕೆ ಹೋದ ಮೇಲೆ ದೊಡ್ಡಮ್ಮ ಅಂಗಿಯನ್ನು ಮೂಗಿಗೆ ಹಿಡಿದಳು, ನನ್ನ ಮೂಗಿಗೂ ಹಿಡಿದಳು. ಸೀಮೆಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಆ ಬಿಳಿ ಅಂಗಿಗೆಂದು ಸೂಜಿಗೆ ಕೆಂಪು ದಾರ ಪೋಣಿಸಿಕೊಂಡಳು.

"ದೊಡ್ಡಮ್ಮಾ, ದಾರ..." ಎಂದೆ.

"ನೀನು ಕಾಜಾ ನೋಡ್ಕೋ" ಎಂದು ಗದರಿದಳು. ಎಳೆಯ ಪಕ್ಕ ಎಳೆ, ಒಂದೂ ತಪ್ಪಿರಲಿಲ್ಲ. ಎಷ್ಟೋ ದಿನದ ಮೇಲೆ ಸೂಜಿ ಒಮ್ಮೆಯೂ ಕೈಜಾರಲಿಲ್ಲ.

ಅಂಗಿ ಅವರ ಮನೆ ಸೇರಿದ ಮರುದಿನ ವಾಚಿನವನೇ ಅದನ್ನು ಹಿಡಿದು ಬಂದ.

"ಇದೇನು ತಂಗಿ, ಮೈಲಿ ದೂರಕ್ಕೂ ಕಾಣುತ್ತಲ್ಲ!"

"ಕಾಣ್ಲಿ ಅಂತಾನೇ ಹೊಲಿದೆ ಅಣ್ಣ. ಅವತ್ತು ನೀನು ಕೈ ಎತ್ತಿದಾಗ ಜೇಬು ಕಾಣಿಸ್ತಲ್ಲ, ಹಾಗೆ."

ಅವನ ಮುಖ ಬಿಳಿಚಿಕೊಂಡಿತು. ನಾನು ಕಾದೆ. ದೊಡ್ಡಮ್ಮನೂ ಕಾದಳು. ನಾನಲ್ಲ ಎಂದು ಅವನು ಕೂಗಾಡಿದ್ದರೂ ಸಾಕಿತ್ತು, ಅಂಗಿಯನ್ನು ಯಾರೋ ಕದ್ದಿದ್ದರು ಎಂದಿದ್ದರೂ ಅವಳು ನಂಬಿಬಿಡುತ್ತಿದ್ದಳು. ಅವಳ ಮುಖದಲ್ಲೇ ಅದು ಕಾಣುತ್ತಿತ್ತು.

ಅವನು ಹಿಂದೆ ತಿರುಗಿ ಬೀದಿಯತ್ತ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಬೇರೆ ಯಾರಿಗಾದ್ರೂ ಹೇಳಿದೀಯಾ?"

ದೊಡ್ಡಮ್ಮ ಕತ್ತಿನಲ್ಲಿದ್ದ ಅಳತೆ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡು ಎದ್ದಳು. ಅವನನ್ನು ದಾಟಿ ಹೋಗಿ ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿದಳು.

"ಇಲ್ಲ ಕಣ್ರೀ," ಎಂದಳು, ಬೀದಿಗೆಲ್ಲ ಕೇಳುವ ಹಾಗೆ. "ಇವತ್ತಿಂದ ಹೇಳ್ತೀನಿ."