ಸೋಮವಾರದ ಕಾಯಿಲೆ

ಐನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಉಣ್ಣೆ ವ್ಯಾಪಾರಿ ಇದ್ದ. ಸಾಯುವ ಮುಂಚೆ ಬಡ ಮುದುಕರಿಗಾಗಿ ಒಂದು ಸಾಲುಮನೆ ಕಟ್ಟಿಸಿ ಪತ್ರ ಬರೆಸಿದ: ಇಲ್ಲಿರುವವರು ದಿನವೂ ನನ್ನ ಆತ್ಮಕ್ಕಾಗಿ ಪ್ರಾರ್ಥಿಸಬೇಕು, ತಪ್ಪಿಸಿದವರು ಕೋಣೆ ಖಾಲಿ ಮಾಡಬೇಕು. ತೊಂಬತ್ತರ ದಶಕದಲ್ಲಿ ಮೈಸೂರಿನ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದಾಗ ಈ ಮನುಷ್ಯನನ್ನು ವರ್ಷಕ್ಕೊಮ್ಮೆ ಕ್ಲಾಸಿಗೆ ಎಳೆದು ತಂದು ಬಯ್ಯುತ್ತಿದ್ದೆ. ಕೊಟ್ಟದ್ದಕ್ಕೆ ಜೀವನಪೂರ್ತಿ ಕೈಮುಗಿಸಿಕೊಳ್ಳುವುದು ದಾನವೇನ್ರಪ್ಪ, ಅಂತ. ವಿದ್ಯಾರ್ಥಿಗಳು ನಗುತ್ತಿದ್ದರು. ನಗುತ್ತಿದ್ದರು ಎಂದು ನನ್ನ ನೆನಪು, ಕಿಟಕಿಯಾಚೆ ನೋಡುತ್ತಿದ್ದಿರಲೂಬಹುದು.

ಅಂಥದೇ ಒಂದು ಮನೆ ಒಂಟಿಕೊಪ್ಪಲಿನಲ್ಲಿತ್ತು. ಅದರ ನಾಲ್ಕನೇ ಕೋಣೆಯಲ್ಲಿ ನನ್ನ ಸೋದರತ್ತೆ ಇದ್ದರು. ಕಟ್ಟಿಸಿದವರು ನಮ್ಮ ಜನವೇ, ಲಿಂಗ ಕಟ್ಟಿದವರು, ಜವಳಿ ವ್ಯಾಪಾರದ ಸಾಹುಕಾರರು. ತೀರಿಕೊಂಡು ಒಂದು ತಲೆಮಾರಾಗಿತ್ತು. ನಡುವೆ ಅಂಗಳ, ಸುತ್ತ ಹತ್ತು ಕೋಣೆ, ಗಂಡ ಮಕ್ಕಳಿಲ್ಲದ ಹೆಂಗಸರಿಗೆ ಬಾಡಿಗೆಯಿಲ್ಲದೆ ವಾಸ. ಜನ ಅದನ್ನು ಧರ್ಮದ ಮನೆ ಅನ್ನುತ್ತಿದ್ದರು. ವಿದ್ಯಾರಣ್ಯಪುರಂನಲ್ಲಿ ನನ್ನ ಮನೆ ಇತ್ತು, ಬನ್ನಿ ಎಂದು ಎಷ್ಟೋ ಸಲ ಕರೆದಿದ್ದೆ. ಆದರೆ ಮಠದ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದ ಅವರಿಗೆ ಬೇಕಾಗಿದ್ದದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು.

"ನಿಮ್ಮನೇಲಿದ್ರೆ ನಾನು ಅತ್ತೆ ಕಣೋ," ಅಂದಿದ್ದರು. "ಇಲ್ಲಿ ಬರೀ ನಾನು."

ಆ ಮನೆಯಲ್ಲಿ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಹಜಾರದಲ್ಲಿದ್ದ ಸಾಹುಕಾರರ ಫೋಟೋಗೆ ಮಂಗಳಾರತಿ. ಹತ್ತೂ ಹೆಂಗಸರು ಸಾಲಾಗಿ ನಿಂತು ಒಬ್ಬೊಬ್ಬರೇ ಆರತಿ ಎತ್ತಿ ಕೈಮುಗಿಯಬೇಕು. ಅತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದರು, ಆದರೆ ತಟ್ಟೆ ಕೈಗೆ ಬಂದಾಗ ಎತ್ತದೆ ಪಕ್ಕದವರಿಗೆ ದಾಟಿಸಿಬಿಡುತ್ತಿದ್ದರು. ದಿನಾ ಸ್ನಾನ ಮುಗಿಸಿ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವ ಹೆಂಗಸು. ಆ ಅಂಗೈ ಬಿಟ್ಟು ಇನ್ನೆಲ್ಲೂ ಪೂಜೆ ಸಲ್ಲದು ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿಕೊಟ್ಟಿದ್ದನ್ನು ಹಾಗೆಯೇ ನಂಬಿದ್ದರು. ಈ ಮಾತನ್ನು ನಾವೆಲ್ಲ ಆಡುತ್ತೇವೆ, ಆಮೇಲೆ ಫೋಟೋಗಳಿಗೂ ಊದುಬತ್ತಿ ಹಚ್ಚುತ್ತೇವೆ. ಅವರು ಹಚ್ಚುತ್ತಿರಲಿಲ್ಲ, ಅಷ್ಟೇ.

ವರ್ಷಗಟ್ಟಲೆ ಯಾರೂ ಗಮನಿಸಲಿಲ್ಲ. ಹೊಸ ಮ್ಯಾನೇಜರು ಬಂದ ಎರಡನೇ ಸೋಮವಾರವೇ ಗಮನಿಸಿದರು.

"ಯಾಕಮ್ಮ, ನೀವು ಎತ್ತಲ್ವಾ?"

"ನನ್ ದೇವ್ರು ನನ್ ಕೈಲೈತೆ ಕಣಪ್ಪ. ಸಾವ್ಕಾರ್ರಿಗೆ ಒಳ್ಳೇದಾಗ್ಲಿ. ಆದ್ರೆ ಅವ್ರು ದೇವ್ರಲ್ಲ."

"ಅವ್ರ ಅನ್ನ ತಿಂತಿದೀರಿ."

"ಅನ್ನ ನಾನೇ ಬೇಯಿಸ್ಕೋತೀನಿ. ಅವ್ರುದ್ದು ಗೋಡೆ."

ಮೂರು ದಿನಕ್ಕೆ ಟೈಪು ಮಾಡಿದ ಕಾಗದ ಬಂತು. ಮುಂದಿನ ಸೋಮವಾರದಿಂದ ಆರತಿ ಎತ್ತಬೇಕು, ಇಲ್ಲವೇ ತಿಂಗಳ ಕೊನೆಗೆ ಕೋಣೆ ಬಿಡಬೇಕು.

ನನಗೆ ಮೈ ಉರಿದುಹೋಯಿತು. ಎಪ್ಪತ್ತು ದಾಟಿದ ಹೆಂಗಸಿನ ತಲೆ ಮೇಲಿನ ಸೂರನ್ನು ಒಂದು ಕರ್ಪೂರದ ತಟ್ಟೆಗೆ ಗಂಟು ಹಾಕುವವರನ್ನು ಏನೆಂದು ಕರೆಯಬೇಕು? ಅವತ್ತೂ ಪದ ಸಿಗಲಿಲ್ಲ, ಇವತ್ತೂ ಸಿಕ್ಕಿಲ್ಲ. ಕಾಲೇಜಿಗೆ ರಜೆ ಹಾಕಿ ನೇರ ಆಫೀಸಿಗೆ ಹೋದೆ.

ಮ್ಯಾನೇಜರು ಕೆಟ್ಟವರಲ್ಲ, ಅದೇ ಕಷ್ಟ. ಕಾಫಿ ತರಿಸಿದರು. "ನಾನು ಕೇಳ್ತಿರೋದು ಒಂದು ನಿಮಿಷದ ಕೆಲಸ ಮೇಷ್ಟ್ರೇ. ಹಿಂಗೆ ಮೂರು ಸುತ್ತು," ಎಂದು ಕಾಫಿ ಸಾಸರನ್ನೇ ಗಾಳಿಯಲ್ಲಿ ತಿರುಗಿಸಿ ತೋರಿಸಿದರು.

"ಸಾಹುಕಾರರೂ ಲಿಂಗ ಕಟ್ಟಿದವರೇ ತಾನೆ? ಅವರು ಈ ಫೋಟೋಗೆ ಆರತಿ ಮಾಡ್ತಿದ್ರಾ?"

"ಅವ್ರು ಯಾಕ್ ಮಾಡ್ತಾರೆ ಸಾರ್, ಅದು ಅವ್ರದೇ ಫೋಟೋ."

ಸಾಹುಕಾರರು ಬರೆಸಿಟ್ಟ ಧರ್ಮಪತ್ರ ತೋರಿಸಿ ಎಂದೆ. ಬೀರುವಿನಿಂದ ತೆಗೆದರು. ಆ ಇಂಗ್ಲೆಂಡಿನವನ ಪತ್ರದಂಥ ಷರತ್ತುಗಳು ಸಿಗುತ್ತವೆಂದು ಹಲ್ಲು ಕಚ್ಚಿಕೊಂಡೇ ಓದಿದೆ. ಸಿಗಲಿಲ್ಲ. ಇಲ್ಲಿ ವಾಸ ಮಾಡುವ ತಾಯಂದಿರು ತಮ್ಮ ತಮ್ಮ ಪೂಜೆಯ ಹೊತ್ತಿನಲ್ಲಿ ಮನಸ್ಸಿದ್ದರೆ ನನ್ನನ್ನೂ ನೆನೆಯಲಿ ಎಂದು ಒಂದೇ ಸಾಲು. ಮನಸ್ಸಿದ್ದರೆ! ಸಾಹುಕಾರರು ಇಷ್ಟು ಹಗುರವಾಗಿ ಬಿಟ್ಟುಹೋಗಿದ್ದನ್ನು ಇವರು ಕಬ್ಬಿಣದ ಕಂಬಿ ಮಾಡಿ ಕೂರಿಸಿದ್ದರು.

"ಇದರಲ್ಲಿ ಆರತಿ ಎಲ್ಲಿದೆ?"

"ಅದು ಟ್ರಸ್ಟಿನವ್ರು ಮಾಡ್ಕೊಂಡ್ ಬಂದಿರೋದು ಸಾರ್. ಮಾಡ್ಕೊಂಡ್ ಬಂದಿರೋದಕ್ಕೆ ಪತ್ರ ಯಾಕೆ? ನಾಳೆ ಅವ್ರು ನನ್ನ ಕೇಳಿದ್ರೆ ನಾನೇನ್ ಹೇಳ್ಲಿ?"

ಈ ಕಥೆಯನ್ನು ಆಮೇಲೆ ಎಷ್ಟೋ ಕಡೆ ಹೇಳಿದ್ದೇನೆ. ಪತ್ರವನ್ನು ಮೇಜಿನ ಮೇಲೆ ಬಡಿದು, ಕೋರ್ಟಿನಲ್ಲಿ ನೋಡೋಣ ಎಂದು ಎದ್ದುಬಂದೆ ಎನ್ನುತ್ತೇನೆ. ಒಂದು ಮದುವೆ ಮನೆಯಲ್ಲಿ ಉಳಿದ ಒಂಬತ್ತೂ ಹೆಂಗಸರು ಅತ್ತೆಯ ಪರ ನಿಂತರು ಎಂದೂ ಸೇರಿಸಿದ್ದೆ. ಎಲ್ಲ ಸುಳ್ಳು. ಪತ್ರವನ್ನು ಮೊದಲಿನ ಮಡಿಕೆಗೇ ಮಡಿಸಿ ವಾಪಸ್ಸು ಕೊಟ್ಟೆ. ಕೊಟ್ಟು, "ಸೋಮವಾರ ಅವರಿಗೆ ಮೈ ಹುಷಾರಿರಲ್ಲ ಅಂತ ಬರ್ಕೊಳ್ಳಿ," ಅಂದೆ. ಉಪಾಯ ಮ್ಯಾನೇಜರದಲ್ಲ, ನನ್ನದು. ಅವರ ಮುಖ ಅರಳಿತು. ಹಾಜರಿ ಪುಸ್ತಕ ತೆಗೆದು, ಮುಂದಿನ ಸೋಮವಾರಗಳಿಗೆಲ್ಲ ಅಲ್ಲೇ ಕೂತು 'ಅನಾರೋಗ್ಯ' ಎಂದು ಬರೆದರು. ಆ ಹೊತ್ತಿಗೆ ಅತ್ತೆ ಹೊರಗೆ ಕಾಣಿಸಿಕೊಳ್ಳಬಾರದು, ಕೋಣೆ ಬಾಗಿಲು ಹಾಕಿಕೊಂಡಿರಬೇಕು. ಅಷ್ಟು ಮಾಡಿದರೆ ಕೋಣೆ ಅವರದೇ.

ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಗೆದ್ದವನ ಹಾಗೆ ವಿಷಯ ಹೇಳಿದೆ, ಪತ್ರದ ಆ ಸಾಲನ್ನೂ ಹೇಳಿದೆ.

"ನೆನೀತೀನಲ್ಲೋ ದಿನಾ, ಬಾಗ್ಲು ತಗ್ಯೋವಾಗ," ಅಂದರು. ಆಮೇಲೆ, "ನಂಗೇನಾಗೈತೆ ಕಾಯ್ಲೆ?"

"ಬರೀ ಬರವಣಿಗೆಗೆ ಅತ್ತೆ. ಕೋಣೆ ಉಳೀತಲ್ಲ."

"ಕೋಣೆ ಉಳಿಸ್ಬುಟ್ಟೆ. ಸೋಮವಾರ ಕಳ್ದುಬುಟ್ಟೆ. ಶಿವನ ದಿನ ಕಳ್ಳಿ ಅಂಗೆ ಬಾಗ್ಲಾಕ್ಕೊಂಡ್ ಕೂತ್ಕೋಬೇಕಾ ನಾನು?"

ಕೂರಲಿಲ್ಲ. ಆ ಸೋಮವಾರದಿಂದಲೇ ಬೆಳಿಗ್ಗೆ ಏಳಕ್ಕೆ ಕೋಣೆಗೆ ಬೀಗ ಹಾಕಿ, ಎರಡು ಸಿಟಿ ಬಸ್ಸು ಬದಲಾಯಿಸಿ ನನ್ನ ಮನೆಗೆ ಬಂದು ಪೂಜೆ ಮಾಡತೊಡಗಿದರು. ಒಂದು ದಿನ ಬಸ್‌ಸ್ಟಾಪಿನಲ್ಲಿ ಮ್ಯಾನೇಜರು ಎದುರಾದರಂತೆ. "ಹೆಂಗಿದೆ ಅಮ್ಮ ಮೈಯಿ?" "ಬಸ್ ಹತ್ತೋಷ್ಟೈತೆ ಕಣಪ್ಪ." ಅವರೇ ಕೈಹಿಡಿದು ಹತ್ತಿಸಿದರಂತೆ.

ಮೊದಲ ಸಲ ಬಂದ ದಿನದ ಒಂದು ಮಾತನ್ನು ಮಾತ್ರ ನಾನು ಎಲ್ಲೂ ಹೇಳಿಲ್ಲ. ಬಂದವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮುಂದಿನ ಕೋಣೆಯಲ್ಲಿ ಮಣೆ ಹಾಕಿ ಕೂತರು. ಎದುರು ಗೋಡೆಯಲ್ಲಿ ನಮ್ಮ ತಂದೆಯ ಫೋಟೋ, ಗಂಧದ ಹಾರ, ಕೆಳಗೆ ನನ್ನ ಹೆಂಡತಿ ಆಗಷ್ಟೇ ಹಚ್ಚಿದ್ದ ದೀಪ.

"ಅದನ್ನ ತೆಗೆದಿಡಪ್ಪ," ಅಂದರು.

"ಅತ್ತೆ, ಅದು ನಿಮ್ಮಣ್ಣ."

"ಗೊತ್ತು. ನನ್ನ ಎತ್ತಾಡಿಸಿದೋನು ಅವ್ನೇ. ತೆಗಿ."

ನನಗೆ ರೇಗಿತು. ನಮ್ಮ ಮನೆಯಲ್ಲಿ ಕೂತು ನಮ್ಮಪ್ಪನಿಗೇ, ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅತ್ತೆ ಅಂಗೈ ಚಾಚಿ, ಕಣ್ಣು ತೆರೆದೇ ಕಾಯುತ್ತಿದ್ದರು. ಸ್ಟೂಲು ತಂದು ಫೋಟೋ ಇಳಿಸಿ, ಮಂಚದ ಮೇಲೆ ಬೋರಲು ಮಲಗಿಸಿದೆ. ಸಿಟ್ಟು ಮಾತ್ರ ಇಳಿದಿರಲಿಲ್ಲ.