ಹಣೆಬರಹದ ಅಕ್ಕ ಅಂಗಡಿಗೆ ಬಂದದ್ದು

ಚಪ್ಪಲಿ ಅಂಗಡಿಯಲ್ಲಿ ಅವನನ್ನು ಎಲ್ಲರೂ ಹಣೆಬರಹ ಎಂದೇ ಕರೆಯುತ್ತಿದ್ದರು. ಗಿರಾಕಿ ಕಳಚಿಟ್ಟ ಹಳೆಯ ಜೋಡಿಯ ಸವೆದ ಹಿಮ್ಮಡಿ ನೋಡಿದರೆ ಸಾಕು, ಕೊನೆಗೆ ಯಾವುದನ್ನು ಕೊಳ್ಳುತ್ತಾನೆಂದು ಅವನಿಗೆ ಗೊತ್ತಾಗುತ್ತಿತ್ತು. ಆ ಡಬ್ಬಿಯನ್ನು ಸ್ಟೂಲಿನ ಕೆಳಗೆ ತಳ್ಳಿ, ಮಿಕ್ಕವನ್ನೆಲ್ಲ ಬಿಚ್ಚಿ ತೋರಿಸುತ್ತಿದ್ದ. ಮೊದಲೇ ಕೊಟ್ಟರೆ ಯಾರು ಒಪ್ಪುತ್ತಾರೆ ಸ್ವಾಮಿ? ರಾಶಿ ಹಾಕಿಸಿ, ಮೂಗು ಮುರಿದು, ಬೇಡ ಬೇಡ ಎಂದಮೇಲೇ ಜನಕ್ಕೆ ತಾವೇ ಆರಿಸಿದೆವೆಂಬ ಸಮಾಧಾನ.

"ಎಲ್ಲಾ ಮೊದಲೇ ತೀರ್ಮಾನ ಆಗಿರುತ್ತೆ, ನಾವು ಸುಮ್ನೆ ಡಬ್ಬಿ ಬಿಚ್ಚೋದು" ಎಂಬುದು ಅವನ ವೇದಾಂತ. ಮನೆಯಲ್ಲಿ ಹಾಲು ಉಕ್ಕಿಸಿದರೂ ಇದನ್ನೇ ಹೇಳಿ ಜಾರಿಕೊಳ್ಳುವ ಭೂಪ! ಅಕ್ಕನ ಹತ್ತಿರ ಮಾತ್ರ ಆ ಬೇಳೆ ಬೇಯಲಿಲ್ಲ.

ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅಂಥವಳನ್ನು ನೆಂಟರೆದುರು "ಬಿಟ್ಟಿ ಊಟಕ್ಕೆ ಬರೋಳು" ಅಂದುಬಿಟ್ಟ. "ಅಪ್ಪನ ಸಿಟ್ಟು, ಅಜ್ಜನ ನಾಲಿಗೆ ನಂಗೆ ಬಂದಿದೆ. ಆ ಮಾತು ಬರಲೇಬೇಕಿತ್ತು, ನಾನೇನು ಮಾಡ್ಲಿ?" ಎಂದು ಮೇಲೊಂದು ಸಮಜಾಯಿಷಿ ಬೇರೆ. ಎದ್ದು ಹೋದ ಅಕ್ಕ ಮತ್ತೆ ಅವನ ಮನೆ ಮೆಟ್ಟಿಲು ಹತ್ತಲಿಲ್ಲ. ಹೊರಗೆ ಜಂಬ ಮಾಡಿದರೂ ಅವಳಿಲ್ಲದ ಹಬ್ಬದೂಟ ಅವನಿಗೆ ರುಚಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಅಂಗಡಿಗೇ ಬಂದು ಕುಳಿತಳು.

"ಕಾಲುನೋವು. ಮೆತ್ತಗಿರೋದು ತೋರ್ಸಿ" ಎಂದಳು, ಗುರುತೇ ಇಲ್ಲದವಳ ಹಾಗೆ.

ತೋರಿಸಿದ್ದೆಲ್ಲ ಬೇಡ. ಕೊನೆಗೆ ಸ್ಟೂಲಿನ ಕೆಳಗಿನದನ್ನು ತೆಗೆದರೆ ಅದೂ ಬೇಡವಂತೆ! ಅವನ ಲೆಕ್ಕ ತಪ್ಪಿದ್ದು ಅದೇ ಮೊದಲು.

"ಇನ್ನೂ ಸಿಟ್ಟಾ ಅಕ್ಕ? ಮನೆಗೆ ಯಾಕೆ ಬರಲ್ಲ?"

"ನಾನೇನು ಮಾಡ್ಲಪ್ಪ? ಬರಬಾರದು ಅಂತ ಮೊದಲೇ ತೀರ್ಮಾನ ಆಗಿದೆ."

ಹಣೆಬರಹಕ್ಕೆ ತನ್ನ ಮಾತೇ ತಿರುಗಿ ಬಡಿಯಿತು. ಹರಡಿದ ಡಬ್ಬಿಗಳ ನಡುವೆ ಅವಳ ಪಾದ ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಮೆಲ್ಲಗೆ, "ಅಪ್ಪನೂ ಅಲ್ಲ, ಅಜ್ಜನೂ ಅಲ್ಲ ಅಕ್ಕ. ಅಂದಿದ್ದು ನಾನೇ. ತಪ್ಪಾಯ್ತು" ಎಂದ.

"ಹೀಗಂತೀಯ ಅಂತ ನಂಗೆ ಗೊತ್ತಿತ್ತು."

ಅವನಿಗೆ ರೇಗಿತು. "ಮೊದಲೇ ಗೊತ್ತಿದ್ರೆ ನಾನು ಅಂದಿದ್ದಕ್ಕೆ ಏನು ಬೆಲೆ?"

"ಅಯ್ಯೋ ಪೆದ್ದಾ! ನೀನು ಎಂಥವನು ಅಂತ ಗೊತ್ತು, ಅದಕ್ಕೇ ಇದೂ ಗೊತ್ತಿತ್ತು. ಹಾಗಂತ ಬಾಯಿಬಿಟ್ಟಿದ್ದು ನೀನಲ್ವಾ?"

ಅವಳು ಹಳೆಯ ಚಪ್ಪಲಿಯನ್ನೇ ಮೆಟ್ಟಿ ಸಲೀಸಾಗಿ ಎದ್ದಳು. "ಕಾಲುನೋವೂ ಇಲ್ಲ, ಮಣ್ಣೂ ಇಲ್ಲ. ನಿನ್ನ ಹೆಂಡತಿಗೆ ಫೋನ್ ಮಾಡು, ರಾತ್ರಿ ಬರ್ತೀನಿ ಅಂತ."

ಅವನು ಫೋನ್ ಮಾಡಿದ. "ರಾತ್ರಿ ಅಕ್ಕ ಬರ್ತಾಳೆ" ಎಂದರೆ ಹೆಂಡತಿ ನಂಬಲೇ ಇಲ್ಲ. ಅಕ್ಕ ಫೋನ್ ಕಿತ್ತುಕೊಂಡು, "ನಾನು ಕಣೇ" ಎಂದಳು.