ಶೂಗೇಜಿನ ಹುಡುಗಿಗೆ ಗಂಡು ಹುಡುಕಿದ್ದು

ನನಗೊಂದು ಚಟವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಯಾಗದ ಹುಡುಗನೋ ಹುಡುಗಿಯೋ ಕಣ್ಣಿಗೆ ಬಿದ್ದರೆ ಸಾಕು, ಮನಸ್ಸು ತಾನಾಗಿಯೇ ಜೋಡಿ ಹುಡುಕಲು ಹೊರಡುತ್ತದೆ. ಕೆರೆಕಟ್ಟೆಯಿಂದ ಮುತ್ತಿನಕೊಪ್ಪದವರೆಗೆ ಯಾರದು ಯಾವ ಗೋತ್ರ, ಯಾವ ನಕ್ಷತ್ರ, ಯಾರ ಅಜ್ಜಿ ಯಾವ ಮನೆಯಿಂದ ಬಂದವರು ಎಂಬುದೆಲ್ಲ ನನಗೆ ಬಾಯಿಪಾಠ. ನನ್ನ ಗಂಡ ಇದನ್ನು ಕಾಯಿಲೆ ಅನ್ನುತ್ತಾರೆ. ಅವರ ತಂಗಿಗೆ ಸಂಬಂಧ ಕೂಡಿಸಿದ್ದು ಇದೇ ಕಾಯಿಲೆ ಎಂಬುದನ್ನು ಮಾತ್ರ ಜಾಣತನದಿಂದ ಮರೆಯುತ್ತಾರೆ.

ಇಂಥ ನನಗೂ ನೀರು ಕುಡಿಸಿದವಳು ನನ್ನ ತಮ್ಮನ ಮಗಳು ಸಹನಾ. ಇಲ್ಲೇ ಕೊಪ್ಪದಲ್ಲಿ ಕಾಲೇಜಿನ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುತ್ತಾಳೆ. ನಾನು ತಂದ ಗಂಡುಗಳನ್ನೆಲ್ಲ ಒಂದೊಂದಾಗಿ ಬೇಡ ಅಂದಳು. ಕೊನೆಗೆ ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದಳು.

“ಅತ್ತೆ, ಈ ಮನೇಲಿ ಅಪ್ಪ ನನ್ನ ಒಂದು ಹಾಡನ್ನೂ ಪೂರ್ತಿ ಆಗ್ಲಿಕ್ಕೆ ಬಿಟ್ಟವರಲ್ಲ. ಹಾಕಿದ ಕೂಡ್ಲೆ ‘ಆ ಗಲಾಟೆ ನಿಲ್ಸು’ ಅಂತಾರೆ. ಮದುವೆ ಆದ್ಮೇಲೂ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡೇ ಬದುಕ್ಲಿಕ್ಕೆ ನನ್ನಿಂದ ಆಗೂದಿಲ್ಲ. ಆಲ್ಟರ್ನೇಟಿವ್ ರಾಕ್ ಕೇಳುವ ಹುಡುಗ ಇದ್ರೆ ಹೇಳು. ಇಲ್ದಿದ್ರೆ ಬಿಡು, ನಾನು ಹೀಗೇ ಆರಾಮಾಗಿದ್ದೇನೆ.”

ಆರಾಮಾಗಿದ್ದೇನೆ ಅನ್ನುವಾಗ ಅವಳ ದನಿ ಆರಾಮಾಗಿರಲಿಲ್ಲ. ಈ ಕೂಸಿಗೆ ಒಂದು ದಾರಿ ಮಾಡಲೇಬೇಕು ಎಂದುಕೊಂಡೆ. ಆದರೆ ಚಟದವರ ಬುದ್ಧಿ ನೋಡಿ, ಅವಳ ಮಾತಿನ ಮೊದಲರ್ಧ ಅಲ್ಲೇ ಹಿತ್ತಲಲ್ಲಿ ಉಳಿಯಿತು. ಆಲ್ಟರ್ನೇಟಿವ್ ರಾಕ್ ಒಂದನ್ನೇ ಹಿಡಿದುಕೊಂಡು ನಾನು ಮನೆಗೆ ಬಂದೆ.

ಅರ್ಥವಾಗದ ಜಾತಿಯಲ್ಲಿ ಗಂಡು ಹುಡುಕಲು ಸಾಧ್ಯವೇ? ಮೊದಲು ಜಾತಿ ತಿಳಿಯಬೇಕು. ಕನ್ನಡಕ ಏರಿಸಿ ಮೊಬೈಲಿನಲ್ಲಿ ಓದಲು ಕೂತೆ. ಓದಿದಷ್ಟೂ ನನಗೆ ತವರಿಗೆ ಬಂದ ಹಾಗಾಯಿತು. ಆಲ್ಟರ್ನೇಟಿವ್ ರಾಕ್ ಎಂಬುದು ಇಂಗ್ಲಿಷ್ ಗಿಟಾರು ಹಾಡುಗಳಿಗೆ ಇಟ್ಟ ಒಂದು ಹೆಸರು ಅಷ್ಟೇ. ಒಳಗೆ ಹೋದರೆ ಪಂಗಡ, ಒಳಪಂಗಡ, ಒಳಪಂಗಡದಿಂದ ಸಿಟ್ಟು ಮಾಡಿಕೊಂಡು ಎದ್ದುಹೋದವರ ಇನ್ನೊಂದು ಪಂಗಡ! ಗ್ರಂಜ್ ಎಂದರೆ ಕೊಳೆ ಹಿಡಿದ ಹಾಗಿನ ಗಿಟಾರು ಮತ್ತು ಗಂಟಲು ಹರಿಯುವ ಕೂಗು. ಹಾಡುವವರು ಇಸ್ತ್ರಿ ಕಾಣದ ಚೌಕಳಿ ಅಂಗಿ ತೊಡುತ್ತಿದ್ದರಂತೆ. ಶೂಗೇಜ್ ಎಂದರೆ ನುಡಿಸುವವರು ಸಭೆಯನ್ನು ನೋಡದೆ ಕಾಲಬುಡದ ಯಂತ್ರಗಳನ್ನೇ ನೋಡುತ್ತ ನಿಲ್ಲುವುದು. ಬೂಟು ನೋಡುವವರು ಎಂದು ಯಾರೋ ಗೇಲಿ ಮಾಡಿದ್ದೇ ಕುಲನಾಮವಾಯಿತು. ಮ್ಯಾಥ್ ರಾಕ್‌ನಲ್ಲಿ ತಾಳ ಎಣಿಸುವುದರಲ್ಲೇ ಕೇಳುವವರ ಆಯುಸ್ಸು ಮುಗಿಯುತ್ತದೆ. ಎಮೋದವರಿಗೆ ಸದಾ ಅಳು. ಇನ್ನು ಪೋಸ್ಟ್ ಪಂಕ್, ಪೋಸ್ಟ್ ರಾಕ್, ಪೋಸ್ಟ್ ಗ್ರಂಜ್ ಅಂತ ಈ ಪೋಸ್ಟುಗಳದ್ದೇ ಒಂದು ದೊಡ್ಡ ಬಳಗ. ನಮ್ಮಲ್ಲಿ ನವೋದಯ ಮುಗಿದು ನವ್ಯ, ನವ್ಯ ಮುಗಿದು ನವ್ಯೋತ್ತರ ಬಂದ ಹಾಗೆ.

ನಗಬೇಡಿ. ಹೊರಗಿನವರಿಗೆ ಮಿಡಿ ಉಪ್ಪಿನಕಾಯಿ ಅಂದರೆ ಎಲ್ಲ ಒಂದೇ. ಜೀರಿಗೆ ಮಿಡಿಯ ಭರಣಿಗೂ ಅಪ್ಪೆಮಿಡಿಯ ಭರಣಿಗೂ ಇರುವ ವ್ಯತ್ಯಾಸಕ್ಕೆ ನಮ್ಮ ಕಡೆ ಅಕ್ಕತಂಗಿಯರು ಮಾತು ಬಿಟ್ಟದ್ದುಂಟು. ಯಕ್ಷಗಾನ ಎಂದರೆ ದೂರದವರಿಗೆ ಬರೀ ಕುಣಿತ, ನಮಗೆ ಬಡಗು ಬೇರೆ, ತೆಂಕು ಬೇರೆ. ಪ್ರೀತಿ ಹೆಚ್ಚಾದಲ್ಲಿ ಹೆಸರುಗಳೂ ಹೆಚ್ಚಾಗುತ್ತವೆ ಎಂದು ಕಾಣುತ್ತದೆ.

ಸಹನಾಳನ್ನು ಕೇಳಿದೆ, ನೀನು ಯಾವುದು ಅಂತ. ಶೂಗೇಜ್ ಅಂದಳು.

ಇನ್ನು ನಮ್ಮ ಕಡೆಯ ಪದ್ಧತಿಯಂತೆ ವಿಚಾರಣೆ. ಗಂಡಿನ ಮನೆಗೆ ನೇರ ಹೋಗುವ ಮೊದಲು, ಬೇರೇನೋ ನೆಪದಲ್ಲಿ ಅವರ ನೆರೆಮನೆಗೆ ಹೋಗಿ ಕಾಫಿ ಕುಡಿಯುತ್ತ ಎಲ್ಲ ತಿಳಿದುಕೊಂಡು ಬರುವುದು. ಜಯಪುರದ ಹತ್ತಿರ ಪ್ರಸನ್ನ ಎಂಬ ಹುಡುಗನಿದ್ದಾನೆ, ಕಾಫಿ ಬಾಳೆ ಬೆಳೆಯುತ್ತಾನೆ ಎಂದು ಗೊತ್ತಿತ್ತು. ಅವನ ನೆರೆಯ ಶಾಂತಕ್ಕ ನನಗೆ ಹಳೆಯ ಪರಿಚಯ. ಅರಿಶಿನದ ಬೀಜ ಕೇಳುವ ನೆಪದಲ್ಲಿ ಬಸ್ಸು ಹತ್ತಿದೆ.

“ಹುಡುಗ ಬಂಗಾರ,” ಅಂದಳು ಶಾಂತಕ್ಕ. “ಕುಡಿಯೂದಿಲ್ಲ, ಬೀಡಿ ಸಿಗರೇಟು ಇಲ್ಲ. ಒಂದೇ ಒಂದು ತೊಂದ್ರೆ ಮಾರಾಯ್ತಿ. ಬೆಳಗಾದ್ರೆ ತೋಟದಲ್ಲಿ ಮೈಕು ಇಟ್ಟು ಎಂತದೋ ಇಂಗ್ಲಿಷ್ ಹಾಡು ಹಾಕ್ತಾನೆ. ತಗಡಿನ ಮಾಡಿನ ಮೇಲೆ ಹಲಸಿನಕಾಯಿ ಬಿದ್ದ ಹಾಗೆ ಕೇಳ್ತದೆ.”

ಕಾಫಿ ನೆತ್ತಿಗೇರಿತು. ತಗಡು, ಹಲಸಿನಕಾಯಿ! ಗ್ರಂಜ್ ಅಲ್ಲದೆ ಬೇರೇನು? ಅರಿಶಿನದ ಬೀಜ ಅಲ್ಲೇ ಮರೆತು ಓಡೋಡಿ ಬಂದೆ.

ಬಸ್ಸಿನಲ್ಲಿ ಕೂತ ಮೇಲೆ ಸಂಶಯ ಹುಟ್ಟಿತು. ಹುಡುಗಿ ಶೂಗೇಜ್, ಹುಡುಗ ಗ್ರಂಜ್. ಇದು ಆಗಿಬರುತ್ತದೆಯೇ? ನಮ್ಮಲ್ಲಿ ಜಾತಿ ಒಂದೇ ಇರಬೇಕು, ಆದರೆ ಗೋತ್ರ ಬೇರೆ ಬೇರೆ ಇರಬೇಕು. ಜಾತಿ ಬೇರೆಯಾದರೆ ಮನೆಯಲ್ಲಿ ಗಲಾಟೆ, ಗೋತ್ರ ಒಂದೇ ಆದರೆ ಪುರೋಹಿತರು ಪಂಚಾಂಗ ಮುಚ್ಚುತ್ತಾರೆ. ಹಾಗಾದರೆ ಈ ಶೂಗೇಜ್, ಗ್ರಂಜ್ ಎಂಬುವು ಜಾತಿಯೋ ಗೋತ್ರವೋ? ಜಗತ್ತಿನಲ್ಲಿ ಈ ಪ್ರಶ್ನೆ ಕೇಳಿಕೊಂಡ ಮೊದಲ ಪ್ರಾಣಿ ನಾನೇ ಇರಬೇಕು. ಮನೆ ಮುಟ್ಟುವ ಹೊತ್ತಿಗೆ ಗೋತ್ರವೇ ಎಂದು ತೀರ್ಮಾನಿಸಿ ಸಮಾಧಾನ ಮಾಡಿಕೊಂಡೆ. ಹುಡುಗನನ್ನು ಒಂದು ಮಾತು ಕೇಳಿಬಿಡೋಣ ಎಂದು ಮಾತ್ರ ಹೊಳೆಯಲಿಲ್ಲ. ವಿಚಾರಣೆಯಲ್ಲಿ ನಾವು ಊರನ್ನೆಲ್ಲ ಕೇಳುತ್ತೇವೆ, ಹುಡುಗನೊಬ್ಬನನ್ನು ಬಿಟ್ಟು.

“ಹುಡುಗ ನಿಮ್ಮ ಪೈಕಿಯೇ,” ಎಂದು ಸಹನಾಳಿಗೆ ಹೇಳಿದೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು. ಅವರು ಬರುವುದು ಬೇಡ, ನಾನೇ ಆ ಮನೆ ನೋಡುತ್ತೇನೆ ಎಂದು ಹಟ ಹಿಡಿದಳು. ತಮ್ಮ ಗೊಣಗುತ್ತಲೇ ಕಾರು ತೆಗೆದ. ಮೂವರೂ ಜಯಪುರಕ್ಕೆ ಹೋದೆವು.

ಪ್ರಸನ್ನ ಮತ್ತು ಅವನ ತಾಯಿ ಇಬ್ಬರೇ ಇರುವ ಮನೆ. ಕೇಸರಿಬಾತು, ಬಾಳೆಕಾಯಿ ಚಿಪ್ಸು ಬಂತು. ಹುಡುಗ ನಾಚಿಕೆಯವನು, ತಟ್ಟೆಯನ್ನೇ ನೋಡುತ್ತ ಕೂತಿದ್ದ. ಸಹನಾ ತಡೆಯಲಾರದೆ ಕೇಳಿದಳು, “ನೀವು ಯಾವ ಬ್ಯಾಂಡ್ ಕೇಳ್ತೀರಿ?”

“ಬ್ಯಾಂಡಾ?”

“ಬೆಳಿಗ್ಗೆ ತೋಟದಲ್ಲಿ ಹಾಕ್ತೀರಂತಲ್ಲ.”

“ಓ, ಅದಾ,” ಅಂದ ಹುಡುಗ. “ಅದು ನಂಗಲ್ಲ. ಮಂಗಗಳಿಗೆ.”

ನನ್ನ ಬಾಯಲ್ಲಿದ್ದ ಚಿಪ್ಸು ಅಲ್ಲೇ ನಿಂತಿತು. ತಮ್ಮ ನನ್ನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ಬೈಗುಳ ಬಿಟ್ಟರೆ ಬೇರೇನೂ ಇರಲಿಲ್ಲ.

ಹುಡುಗ ವಿವರಿಸಿದ. ಮಂಗಗಳು ಬಾಳೆಗೊನೆ ಉಳಿಸುತ್ತಿರಲಿಲ್ಲ. ಪಟಾಕಿ ಹೊಡೆದರೆ ಅಭ್ಯಾಸವಾಯಿತು. ಭಜನೆ ಹಾಕಿದರೆ ಇನ್ನೂ ಹತ್ತಿರ ಬಂದು ಕೂತವು. ಕೊನೆಗೆ ಯಾರೋ ನೆಂಟರು ಬಿಟ್ಟುಹೋದ ಪೆನ್‌ಡ್ರೈವಿನಲ್ಲಿ ಈ ಹಾಡುಗಳಿದ್ದವು. “ಎಲ್ಲದಕ್ಕೂ ಓಡೂದಿಲ್ಲ. ಕೆಲವು ನಿಧಾನದ್ದು ಉಂಟು, ಮಾತೇ ಇಲ್ಲ, ಬರೀ ವಾದ್ಯ. ಅದು ಹಾಕಿದ್ರೆ ಕೂತು ಒಂದಕ್ಕೊಂದು ಹೇನು ತೆಗೀತವೆ.”

“ಅದು ಪೋಸ್ಟ್ ರಾಕ್,” ಅಂದಳು ಸಹನಾ.

“ಗಂಟಲು ಹರ್ಕೊಂಡು ಕೂಗೂದು ಉಂಟಲ್ಲ, ಅದಕ್ಕೆ ಓಡ್ತವೆ. ಆದ್ರೆ ವಾರಕ್ಕೊಮ್ಮೆ ಹಾಡು ಬದಲಿಸ್ಬೇಕು.”

“ಗ್ರಂಜ್. ಮತ್ತೆ, ಎಲ್ಲ ಮಂಜು ಕವಿದ ಹಾಗೆ ಕೇಳ್ತದಲ್ಲ, ಹಾಡುವವರ ದನಿ ಎಲ್ಲೋ ಒಳಗೆ?”

“ಹೌದೌದು. ಅದಕ್ಕೆ ಗೊಂದಲ ಆಗ್ತದೆ ಅವಕ್ಕೆ. ಓಡೂದಾ ಕೂರೂದಾ ಗೊತ್ತಾಗೂದಿಲ್ಲ.”

ಸಹನಾ ನಗಲು ಶುರು ಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ನನಗೆ ಮಾತ್ರ ನಗು ಬರಲಿಲ್ಲ. ಹೋಯಿತು, ಇದೂ ಹೋಯಿತು, ಇನ್ನು ಈ ಹುಡುಗಿ ನನ್ನ ಮಾತು ನಂಬುವುದಿಲ್ಲ ಎಂದುಕೊಂಡು ತಟ್ಟೆ ಕೆಳಗಿಟ್ಟೆ.

ನಗು ಮುಗಿದ ಮೇಲೆ ಅವಳು ಮೆಲ್ಲಗೆ ಕೇಳಿದಳು, “ಹಾಗಾದ್ರೆ ನಿಮಗೆ ಇಷ್ಟ ಇಲ್ಲ ಅದು.”

ಹುಡುಗ ಮೊದಲ ಸಲ ತಲೆಯೆತ್ತಿದ. “ಇಷ್ಟ ಅಂತ ಹೇಳಿದ್ರೆ ಸುಳ್ಳಾಗ್ತದೆ. ನಂಗೆ ಅರ್ಥ ಆಗೂದಿಲ್ಲ. ಆದ್ರೆ ಕರೆಂಟ್ ಇಲ್ಲದ ದಿನ ತೋಟ ಬಿಕೋ ಅಂತದೆ. ನೀವು ಬಂದು ಮನೆಯೊಳಗೇ ಜೋರಾಗಿ ಹಾಕಿದ್ರೂ ನಂಗೆ ಎಂತ ತೊಂದ್ರೆ ಇಲ್ಲ. ಅಮ್ಮಂಗೂ ಅಭ್ಯಾಸ ಆಗಿದೆ.”

ಒಳಗಿಂದ ತಾಯಿ, “ಆ ಅಳುವ ಹಾಡು ಒಂದು ಬೇಡ ಮಾರಾಯ್ತಿ, ಮತ್ತೆಲ್ಲ ಆಗ್ತದೆ,” ಎಂದರು. ಎಮೋ ಇರಬೇಕು.

ಸಹನಾ ನನ್ನತ್ತ ನೋಡಿ ಆಗಬಹುದು ಎಂದು ತಲೆ ಆಡಿಸಿದಳು. ಅಬ್ಬ! ಎಷ್ಟೋ ಕಾಲದಿಂದ ಹೊತ್ತಿದ್ದ ಹುಲ್ಲುಹೊರೆ ಇಳಿಸಿದ ಹಾಗೆ ನನ್ನ ಕುತ್ತಿಗೆ ಹಗುರಾಯಿತು. ಅವಳು ಕೇಳಿದ್ದು ತನ್ನ ಪಂಗಡದವನನ್ನಲ್ಲ, ತನ್ನ ಸದ್ದಿಗೆ ಜಾಗ ಕೊಡುವವನನ್ನು. ಜಾತಿಯೋ ಗೋತ್ರವೋ ಎಂದು ನಾನು ಒದ್ದಾಡಿದ್ದೆಲ್ಲ ದಂಡವಾಯಿತು. ಅಷ್ಟು ಸಂತೋಷದಿಂದ ನಾನು ಹಿಂದೆಂದೂ ದಡ್ಡಿಯಾಗಿರಲಿಲ್ಲ.

ವಾಪಸು ಬರುವಾಗ ತಮ್ಮ ಕಾರು ಓಡಿಸುತ್ತಿದ್ದ, ನಾನು ಅವನ ಪಕ್ಕ ಕೂತಿದ್ದೆ. ಸಹನಾ ಹಿಂದಿನ ಸೀಟಿನಲ್ಲಿ ಎಂದಿನಂತೆ ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದಳು. ಕೊಪ್ಪ ಹತ್ತಿರವಾಗುತ್ತ ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ, “ಅಕ್ಕ, ಆ ಕೂಸಿಗೆ ಹೇಳು. ಅದನ್ನ ಕಾರಿಗೇ ಹಾಕ್ಲಿ. ಎಂತದು ಅಂತ ನಾನೂ ಕೇಳ್ತೇನೆ.”

ಅವಳು ಹಾಕಿದಳು. ಮೊದಲು ಬರೀ ಗುಂಯ್ ಅಂತ ಇತ್ತು, ಆಮೇಲೆ ಅದರೊಳಗಿಂದ ಒಂದು ಹೆಣ್ಣುದನಿ ಬಂತು, ದೂರದ ಗದ್ದೆಯಿಂದ ಯಾರೋ ಕರೆದ ಹಾಗೆ. ತಮ್ಮ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಿದ್ದ. ಪೇಟೆ ಬಂತು, ನಮ್ಮ ಮನೆಯ ತಿರುವೂ ಬಂತು. ಅವನು ತಿರುಗಿಸಲಿಲ್ಲ, ಎನ್.ಆರ್.ಪುರದ ರಸ್ತೆಯಲ್ಲಿ ಹಾಗೇ ಮುಂದೆ ಹೋದ. ಹಾಡು ಇನ್ನೂ ಮುಗಿದಿರಲಿಲ್ಲ.